ಆರದ ಮಣೆ

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದು ಹೋದ ಮೇಲೆ ನಮ್ಮವ್ವ ಮಾಡಿದ ಮೊದಲ ಕೆಲಸವೆಂದರೆ, ಹುಡುಗ ಕೂತಿದ್ದ ಮಣೆಯ ಮೇಲೆ ಅಂಗೈ ಇಟ್ಟು ನೋಡಿದ್ದು. ಬಿಸಿ ಹಾಗೇ ಇತ್ತಂತೆ. ಮರುದಿನ ಬೆಳಿಗ್ಗೆ ಕಸ ಹೊಡೆಯುವಾಗ ಮುಟ್ಟಿದರೂ ಇತ್ತಂತೆ. "ಹುಡುಗನ ಮನಸ್ಸು ನಿಂತೈತಿ, ಕೊಟ್ಟ ಬಿಡೂಣು" ಎಂದು ಅಪ್ಪನಿಗೆ ಹೇಳಿದಳಂತೆ. ಹಾಗೆ ನಾನು ಈ ಮನೆಗೆ ಬಂದೆ. ಜಾತಕ ನೋಡುವವರು ನಮ್ಮೂರಲ್ಲೂ ಇದ್ದಾರೆ, ಆದರೆ ಮಣೆ ಮುಟ್ಟಿ ನೋಡದೆ ಯಾರೂ ಜಾತಕಕ್ಕೆ ಕೈ ಹಾಕುವುದಿಲ್ಲ.

ನಮ್ಮವರ ಮೈಯ ಬಿಸಿ ಮೈಯಲ್ಲಿ ನಿಲ್ಲುವುದಿಲ್ಲ, ಕೂತಲ್ಲಿಗೆ ಇಳಿದು ಅಲ್ಲೇ ಉಳಿಯುತ್ತದೆ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಮೊದಲು ಹೆದರುತ್ತಾರೆ, ಗಂಡನ ಕೈ ಹಿಡಿದರೆ ಬಾವಿಯ ಹಗ್ಗ ಹಿಡಿದ ಹಾಗಿದೆ ಎಂದು ಅಳುತ್ತಾರೆ. ವರ್ಷ ಕಳೆಯುವುದರೊಳಗೆ ಅವರೂ ಬಡಿಗನ ಹತ್ತಿರ ಒಂದು ಮಣೆ ಮಾಡಿಸಿಕೊಂಡು, ಹಗಲೆಲ್ಲ ಅದರ ಮೇಲೆ ಕೂತು ಕಾಳು ಹಸನು ಮಾಡಿ, ರಾತ್ರಿ ಅದನ್ನೇ ಹಾಸಿಗೆಯ ಕೆಳಗೆ ಸೇರಿಸಿ ಸುಖವಾಗಿ ನಿದ್ದೆ ಹೋಗುವುದನ್ನು ಕಲಿಯುತ್ತಾರೆ. ಕೂತರೆ ಬಿಸಿ ಕೊಟ್ಟ ಹಾಗೆ, ಮಲಗಿದರೆ ತೆಗೆದುಕೊಂಡ ಹಾಗೆ. ಮನಸ್ಸು ನಿಂತು ಕೂತವರ ಬಿಸಿ ದಿನಗಟ್ಟಲೆ ಇರುತ್ತದೆ. ಕೆಂಡದ ಮೇಲೆ ಕೂತವರ ಹಾಗೆ ಚಡಪಡಿಸುತ್ತ ಕೂತವರದು ಎದ್ದ ಗಳಿಗೆಗೇ ಹೋಗುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಹುಣಸೆ ಯಾಕೆ ಹುಳಿ ಎಂದು ಯಾರಾದರೂ ಕೇಳುತ್ತಾರೆಯೇ? ದೇವರು ಕೊಟ್ಟ ಊರು, ಅವನೇ ಕೊಟ್ಟ ಮೈ.

ಯಾರಾದರೂ ತೀರಿಕೊಂಡರೆ ಅವರ ಮಣೆಯನ್ನು ಕಂಬಳಿಯಲ್ಲಿ ಸುತ್ತಿ ದೇವರ ಕೋಣೆಯಲ್ಲಿ ಇಡುತ್ತೇವೆ. ಅದು ಆರುವ ತನಕ ಆ ಮನೆಯವರು ದುಃಖದಲ್ಲಿರಬೇಕು. ಒಗ್ಗರಣೆ ಹಾಕುವುದಿಲ್ಲ, ಹೂವು ಮುಡಿಯುವುದಿಲ್ಲ, ಇನ್ನೊಬ್ಬರ ಮದುವೆಗೆ ಹೋಗುವುದಿಲ್ಲ. ದಿನಾ ಬೆಳಿಗ್ಗೆ ಹಿರಿಯರು ಕಂಬಳಿಯೊಳಗೆ ಕೈ ಹಾಕಿ ನೋಡುತ್ತಾರೆ. ಹೆಚ್ಚೆಂದರೆ ಒಂದು ತಿಂಗಳು. ಆಮೇಲೊಂದು ದಿನ ಕೈಗೆ ತಣ್ಣಗೆ ಹತ್ತುತ್ತದೆ. ಮಣೆಯನ್ನು ಹೊಳೆಗೆ ಒಯ್ದು ತೊಳೆದು ತಂದು, ಹೋಳಿಗೆ ಮಾಡಿ, ಅತ್ತು ನಕ್ಕು ಮುಂದಿನ ಬದುಕಿಗೆ ಹತ್ತುತ್ತಾರೆ.

ನಮ್ಮ ಓಣಿಯ ಕಲ್ಲಿನಾಥಪ್ಪನ ಮಣೆ ಮಾತ್ರ ಆರಲಿಲ್ಲ.

ಆತ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಮೆತ್ತನೆಯ ಮನುಷ್ಯ. ಬದುಕಿದ್ದಾಗ ಅಂಥ ವಿಶೇಷವೇನೂ ಅವನಲ್ಲಿ ಕಂಡಿರಲಿಲ್ಲ. ಸತ್ತು ತಿಂಗಳಾಯಿತು, ವರ್ಷವಾಯಿತು, ಮಣೆ ಮುಟ್ಟಿದರೆ ಈಗ ತಾನೇ ಊಟ ಮುಗಿಸಿ ಎದ್ದು ಹೋದ ಹಾಗೆ. ಐದಾರು ವರ್ಷ ಹೀಗೇ ನಡೆಯಿತು. ಊರವರು ಮೊದಲು ಬೆರಗಾದರು, ಆಮೇಲೆ ಕೈಮುಗಿದರು. ಹೊಸದಾಗಿ ಮದುವೆಯಾದವರನ್ನು ಕರೆತಂದು ಮುಟ್ಟಿಸುವ ರೂಢಿ ಬಿತ್ತು. ಅವನ ಹೆಂಡತಿ ಶಿವಗಂಗವ್ವ ಕಂಬಳಿಯ ಒಂದು ತುದಿ ಸರಿಸಿ ತೋರಿಸುವಳು. ಬಂದವರು "ಎಂಥಾ ಪುಣ್ಯವಂತಿ ನೀನು" ಎಂದು ಹೇಳಿ ಹೋಗುವರು. ಅವಳು ಹೂಂ ಎನ್ನುವಳು. ನಾನು ಎದುರು ಮನೆಯವಳು, ನನಗೆ ಅವಳ ಆ ಹೂಂ ಕೇಳಿದಾಗಲೆಲ್ಲ, ತುಂಬಿದ ಕೊಡ ಹೊತ್ತು ಸಂತೆಯ ನಡುವೆ ಇಳಿಸಲು ಜಾಗವಿಲ್ಲದೆ ನಿಂತವಳು ನೆನಪಾಗುತ್ತಿದ್ದಳು. ಅವಳು ನಮ್ಮ ಸೋಮವಾರದ ಭಜನೆಯ ಮುಂದಿನ ದನಿ. ಅವಳು ಎತ್ತಿಕೊಟ್ಟರೆ ನಾವು ಹಿಂದೆ ಹಾಡುವವರು. ದುಃಖದ ಮನೆಯವರು ಹಾಡುವ ಹಾಗಿಲ್ಲ. ಅವಳಿಲ್ಲದೆ ನಮ್ಮ ಭಜನೆ ಕುಂಟುತ್ತ ನಡೆದಿತ್ತು.

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು, ಕಲ್ಲಿನಾಥಪ್ಪನ ತಂಗಿ ದಾನವ್ವ. ಮದುವೆಯಾದ ವರ್ಷವೇ ತವರಿಗೆ ಮರಳಿ ಬಂದವಳು, ಅಣ್ಣನ ಆಸರೆಯಲ್ಲೇ ಉಳಿದಳು. ರೊಟ್ಟಿ ಬಡಿಯುವುದು, ಜಪಮಣಿ ಎಣಿಸುವುದು, ಎರಡೇ ಕೆಲಸ ಅವಳಿಗೆ. ಮಾತು ಕಡಿಮೆ. ಅವಳು ಮನೆಯಲ್ಲಿದ್ದಾಳೆ ಎಂಬುದನ್ನು ರೊಟ್ಟಿಯ ಸಪ್ಪಳದಿಂದಲೇ ತಿಳಿಯಬೇಕು. ಶಿವಗಂಗವ್ವ ದಿನಾ ಊಟವಾದ ಮೇಲೆ ಗಿರಣಿಗೆ ಹೋಗಿ ಲೆಕ್ಕ ನೋಡಿ, ಮಠದಲ್ಲಿ ಪುರಾಣ ಕೇಳಿ ಬರುವಳು. ದಾನವ್ವ ಮಾತ್ರ ಮಧ್ಯಾಹ್ನ ಹೊಸ್ತಿಲು ದಾಟಿದವಳಲ್ಲ. ಮನೆ ಕಾಯುತ್ತಾಳೆ, ಪಾಪ, ಎಂದು ನಾವು ಅಂದುಕೊಂಡಿದ್ದೆವು.

ಈ ಸಲದ ಮಾಗಿಯಲ್ಲಿ ನನ್ನ ಮಗಳು ಸುವರ್ಣಾ ಹೆರಿಗೆಗೆ ಬಂದಳು. ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಅಂಗೈ ಮೇಲೆ ಮಲಗಿಸಿದರೆ ಕಾಲು ಮಾತ್ರ ಹೊರಗೆ ಬರುವಷ್ಟು. ಆಸ್ಪತ್ರೆಯ ನರ್ಸಮ್ಮ ಬಲ್ಬು ಕಟ್ಟಿದ ಒಂದು ತೊಟ್ಟಿಲನ್ನು ನಮ್ಮ ಮನೆಗೇ ಕಳಿಸಿಕೊಟ್ಟಳು. ಅದರ ಹಳದಿ ಬೆಳಕಿನ ಕೆಳಗೆ ಕೂಸು ಹೊಂಗಿರಣ ಬಿದ್ದ ಮೊಗ್ಗಿನ ಹಾಗೆ ಮಲಗಿತ್ತು. ಒಂದು ವಾರ ಹಾಗೆ ಕಳೆಯಿತು. ಆಮೇಲೆ ಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಕರೆಂಟಿನ ಕಂಬಗಳು ಒಂದರ ಹಿಂದೊಂದು ಮಲಗಿದವು, ಪಟ್ಟಣದ ದೊಡ್ಡಾಸ್ಪತ್ರೆಯ ದಾರಿಗೂ ಅಡ್ಡ ಬಿದ್ದವು. ಲೈನ್‌ಮನ್ ಬಂದು ನೋಡಿ, ತಲೆ ಕೆರೆದುಕೊಂಡು, ಇವತ್ತು ಬರುತ್ತದೆ ಎಂದೂ ಹೇಳಲಿಲ್ಲ, ನಾಳೆ ಬರುತ್ತದೆ ಎಂದೂ ಹೇಳಲಿಲ್ಲ.

ಚಳಿ ಬಿದ್ದ ರೀತಿ ಹೇಳುತ್ತೇನೆ ಕೇಳಿ. ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಒಲೆಯ ಮುಂದೆ ಇಟ್ಟರೂ ಕರಗುತ್ತಿರಲಿಲ್ಲ. ಜನ ಏನೇನೋ ಹೂಡಿದರು. ಗೋಣಿಚೀಲದಲ್ಲಿ ಹುಲ್ಲು ತುಂಬಿ ಹೊದ್ದರು. ಎರಡು ಕೌದಿಗಳ ನಡುವೆ ಹಳೇ ಪೇಪರು ಹಾಸಿ ಹೊಲಿದರು. ಹರಳುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡರು. ದನದ ಕೊಟ್ಟಿಗೆಯಲ್ಲಿ ಎಮ್ಮೆ ಎದ್ದ ಜಾಗದಲ್ಲಿ ಮಲಗುವುದಕ್ಕೆ ಮನೆಯ ಹಿರಿಯರೇ ಪಾಳಿ ಹಚ್ಚಿದರು. ಶಾಲೆಯ ಬೆಂಚು, ಪಂಚಾಯಿತಿಯ ಕುರ್ಚಿ, ಕ್ಷೌರದಂಗಡಿಯ ತಿರುಗುವ ಕುರ್ಚಿ, ಎಲ್ಲೆಲ್ಲಿ ಯಾರ್ಯಾರು ಕೂತು ಎದ್ದಿದ್ದರೋ ಅಲ್ಲೆಲ್ಲ ಹೋಗಿ ಜನ ಮೈ ಚೆಲ್ಲಿದರು. ಪಂಚಾಯಿತಿಯ ಕುರ್ಚಿಗಳಲ್ಲಿ ಏನೂ ಸಿಗಲಿಲ್ಲವೆಂದು ಬಂದವರು ಬೈದುಕೊಂಡು ಹೋದರು.

ಆ ಗದ್ದಲದಲ್ಲಿ ದೊಡ್ಡ ಮನುಷ್ಯನಾದವನು ಅಡಿವೆಪ್ಪ. ಹುಟ್ಟಿದಾಗಿನಿಂದ ಚಹಾದ ಅಂಗಡಿಯ ಮುಂದಿನ ಬೆಂಚಿನಿಂದ ಎದ್ದವನಲ್ಲ. ಹೆಂಡತಿ ಬೈದರೆ ಆ ಕಡೆಗೆ ತಿರುಗಿ ಕೂಡುವನು, ಅಷ್ಟೇ ಅವನ ಶ್ರಮ. ಚಿಂತೆ ಎಂಬುದು ಅವನ ಮೈಗೆ ಹತ್ತಿದ್ದೇ ಇಲ್ಲ. ಆ ಬೆಂಚು ಒಲೆಯ ಹಾಗೆ ಬೆಚ್ಚಗಿದೆ ಎಂದು ಊರಿಗೆ ಗೊತ್ತಾದದ್ದೇ ತಡ, ಜನ ಸಾಲು ಹಚ್ಚಿದರು. ಒಬ್ಬೊಬ್ಬರು ಎಲೆಯಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತು ಬೆಂಚಿನ ಮೇಲೆ ಮಲಗಿ ಏಳಬೇಕು, ಆಮೇಲೆ ಅಡಿವೆಪ್ಪ ಮತ್ತೆ ಕೂಡಬೇಕು. ಅವನಿಗೆ ಶಾಲು ಹೊದಿಸಿದರು. ಹೆಂಡತಿಯೇ ಬಂದು ಚಹಾ ಕುಡಿಸಿದಳು. "ಅಡಿವೆಪ್ಪಣ್ಣ, ಊರ ಮಾನ ನಿನ್ನ ಕೈಯಾಗ ಐತಿ" ಎಂದು ಯಾರೋ ಅಂದರು. ಕೈಯಲ್ಲಲ್ಲ ಎಂದು ಹಿಂದಿನಿಂದ ಇನ್ನೊಬ್ಬ ಅಂದ. ನಕ್ಕರು. ಆದರೆ ಅಡಿವೆಪ್ಪ ನಗಲಿಲ್ಲ. ಅವನಿಗೆ ಜನ್ಮದಲ್ಲಿ ಮೊದಲ ಸಲ ಯೋಚನೆ ಬಂದಿತ್ತು, ಈ ಸಲ ಬಿಸಿ ಬರುತ್ತದೋ ಇಲ್ಲವೋ ಎಂದು. ಅಲ್ಲಿಗೆ ಮುಗಿಯಿತು. ಅವನು ಎಷ್ಟು ಕೂತರೂ ಬೆಂಚು ಕಲ್ಲಾಗಿಯೇ ಉಳಿಯಿತು.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಕೂಸಿನ ಕೋಣೆಯಲ್ಲಿ ಹೊಗೆ ಆಗಬಾರದು, ಅದರ ಉಸಿರು ಇನ್ನೂ ದಾರದಷ್ಟು ಸಣ್ಣ ಎಂದು ನರ್ಸಮ್ಮ ಕಟ್ಟುನಿಟ್ಟು ಮಾಡಿದ್ದಳು. ಹಾಗಾಗಿ ಅಗ್ಗಿಷ್ಟಿಕೆ ಇಲ್ಲ. ಬಿಸಿನೀರಿನ ಬಾಟಲಿ ಒಂದು ಗಳಿಗೆ ಸುಡುತ್ತಿತ್ತು, ಇನ್ನೊಂದು ಗಳಿಗೆಗೆ ಕೊರೆಯುತ್ತಿತ್ತು. ಇಂಥ ಕೂಸಿಗೆ ಏರಿಳಿತ ಒಗ್ಗುವುದಿಲ್ಲ, ಒಂದೇ ಸಮನೆಯ ಕಾವು ಬೇಕು ಎಂದು ಅವಳು ಹೇಳುತ್ತಿದ್ದಳು. ಅದಕ್ಕೆ ಮಣೆಯೇ ಸೈ. ಆದರೆ ಯಾರ ಮಣೆ? ಸುವರ್ಣಾಗೆ ಜ್ವರ. ಜ್ವರದ ಬಿಸಿ ಕೂಸಿಗೆ ಆಗದು. ಅಳಿಯ ಬೆಳಗಿನಿಂದ ಮಧ್ಯಾಹ್ನದವರೆಗೆ ಕಣ್ಣುಮುಚ್ಚಿ ಕೂತ. ಎದ್ದಾಗ ಮಣೆಯ ಮೇಲೆ ಬೆವರು ಇತ್ತು, ಬಿಸಿ ಇರಲಿಲ್ಲ. ನಾನೂ ಕೂತೆ. ದೇವರ ಹೆಸರು ಹೇಳುತ್ತ ಕೂತೆ, ಹೆಸರಿನ ನಡುನಡುವೆ ಕೂಸಿನ ಉಸಿರು ಎಣಿಸುತ್ತಿದ್ದೆ. ಎದ್ದು ಮುಟ್ಟಿದರೆ ಬಾವಿಯ ಕಟ್ಟೆ ಮುಟ್ಟಿದ ಹಾಗೆ. ಯಾರಿಗೆ ಹೆಚ್ಚು ಬೇಕಾಗಿತ್ತೋ ಅವರ ಹತ್ತಿರವೇ ಇರಲಿಲ್ಲ. ಓಣಿಯವರು ತಮ್ಮ ಮಣೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು ಕೊಟ್ಟರು, ತಮ್ಮ ಮಕ್ಕಳು ನಡುಗುತ್ತಿದ್ದರೂ ಕೊಟ್ಟರು, ಅವರಿಗೆ ಪುಣ್ಯ ಬರಲಿ. ಆ ಚಳಿಯಲ್ಲಿ ಒಂದು ಮಣೆ ಅನ್ನ ಕುದಿಯುವಷ್ಟು ಹೊತ್ತೂ ತಡೆಯುತ್ತಿರಲಿಲ್ಲ.

ಕರೆಂಟು ಹೋದ ಮೂರನೆಯ ದಿನ ಊಟದ ಹೊತ್ತಿಗೆ ನರ್ಸಮ್ಮ ಬಂದು ಕೂಸಿನ ಪಾದ ಮುಟ್ಟಿದಳು, ಆಮೇಲೆ ಹೊಟ್ಟೆ ಮುಟ್ಟಿದಳು. ಅವಳ ಮುಖ ನೋಡಿ ನನಗೆ ತಿಳಿಯಿತು. "ಪಾದ ತಣ್ಣಗಿದ್ದರೆ ತಡೆದುಕೊಳ್ಳುತ್ತದೆ ಅಮ್ಮಾ. ಈಗ ಹೊಟ್ಟೆಯೂ ತಣ್ಣಗಾಗ್ತಿದೆ. ಹಾಲು ಎಳೆಯೋ ಶಕ್ತಿ ಹೋಗಿದೆ. ದೀಪ ಹಚ್ಚೋ ಹೊತ್ತಿನೊಳಗೆ ಏನಾದರೂ ಮಾಡಬೇಕು" ಅಂದಳು. ಕೋಣೆಯಲ್ಲಿದ್ದ ಎಲ್ಲರೂ ಎದುರು ಮನೆಯ ಒಂದೇ ಮಣೆಯನ್ನು ನೆನೆಯುತ್ತಿದ್ದೆವು. ಸತ್ತವರ ಬಿಸಿಯನ್ನು ಕೇಳಿ ಪಡೆಯುವುದು ನಮ್ಮಲ್ಲಿ ಇಲ್ಲ. ಕೂಸು ಮಲಗಿದರೆ ಅದು ಕೂಸಿಗೆ ಸಂದು ಮುಗಿಯುತ್ತದೆ. ಒಬ್ಬಳ ಗಂಡನನ್ನು ಎರಡನೆಯ ಸಲ ಕಳೆಯುವುದು ಅದು.

ನಾನು ಸೆರಗು ಹೊದ್ದು ಎದುರು ಮನೆಗೆ ನಡೆದೆ. ಮೂರು ಹೆಜ್ಜೆಯ ಓಣಿ, ಆ ದಿನ ಬಯಲಿನಷ್ಟು ಅಗಲವಾಗಿತ್ತು.

ಒಳಗೆ ನಾದಿನಿ ಅತ್ತಿಗೆಯರ ನಡುವೆ ಏನೋ ಜಗ್ಗಾಟ ನಡೆದಿತ್ತು. ಚಳಿಯ ದೆಸೆಯಿಂದ ಶಿವಗಂಗವ್ವ ಮೂರು ದಿನದಿಂದ ಮನೆ ಬಿಟ್ಟು ಹೊರಬಿದ್ದಿರಲಿಲ್ಲ. ದಾನವ್ವ ಅವಳನ್ನು ಹೇಗಾದರೂ ಹೊರಗೆ ಕಳಿಸಬೇಕೆಂದು ಹಟ ಹಿಡಿದಿದ್ದಳು. ಮಠಕ್ಕೆ ಹೋಗಿ ಬಾ ಎಂದಳಂತೆ, ಸ್ವಾಮಿಗಳೇ ಹೊದ್ದು ಮಲಗಿದ್ದಾರೆ ಎಂದಳಂತೆ ಶಿವಗಂಗವ್ವ. ನಾನು ಒಳಗೆ ಕಾಲಿಡುವಾಗ ಗಿರಣಿಯ ಮಾತು ನಡೆದಿತ್ತು.

"ಕರೆಂಟಿಲ್ಲದ ಗಿರಣಿಗೆ ಹೋಗಿ ನಾ ಏನ್ ಹಲ್ಲಿಲೆ ಹಿಟ್ಟು ಬೀಸ್ಲೇನು?" ಎಂದು ಶಿವಗಂಗವ್ವ ಕೇಳುತ್ತಿದ್ದಳು. "ನಿನಗ ಚಳಿ ನೆತ್ತಿಗೆ ಏರೇತಿ ದಾನವ್ವ. ಬಾಳವ್ವ, ನೀನರ ಹೇಳು ಇಕಿಗೆ" ಎಂದು ನನ್ನ ಕಡೆ ತಿರುಗಿದಳು.

ಶಿವಗಂಗವ್ವ ನನ್ನ ಮುಖ ನೋಡಿದಳು, ನಮ್ಮ ಮನೆಯ ಬಾಗಿಲು ನೋಡಿದಳು, ಅಲ್ಲಿ ತಲೆ ತಗ್ಗಿಸಿ ನಿಂತಿದ್ದ ಅಳಿಯನನ್ನು ನೋಡಿದಳು. ನಾನು ಕೇಳುವ ಮೊದಲೇ ಅವಳಿಗೆ ಅರ್ಥವಾಯಿತು. ಎದ್ದು ಕೈ ತೊಳೆದುಕೊಂಡಳು.

"ಕೇಳಾಕ ಬಂದಿಯಲ್ಲ, ಅದರಾಗ ಏನೈತಿ. ಅವರಿದ್ದಿದ್ರ ನೀ ಬರೂದು ಕಾಯ್ತಿದ್ದಿಲ್ಲ, ತಾವಽ ತಂದು ಕೊಡ್ತಿದ್ರು" ಅಂದಳು.

ದೇವರ ಕೋಣೆಯ ಬಾಗಿಲಿಗೆ ದಾನವ್ವ ಅಡ್ಡ ನಿಂತಿದ್ದಳು. "ಬ್ಯಾಡ ವೈನಿ" ಎಂದು ಅತ್ತಿಗೆಗೆ ಅಂದಳು. ಶಿವಗಂಗವ್ವ ಅವಳ ಹೆಗಲ ಮೇಲೆ ಕೈ ಇಟ್ಟು, ಅಣ್ಣನ ಮೇಲೆ ತಂಗಿಗೆ ಹಕ್ಕಿಲ್ಲವೆಂದಲ್ಲ, ಆದರೆ ಕೂಸು ಹೋದರೆ ಆಮೇಲೆ ಆ ಮಣೆ ಮುಟ್ಟಲು ನಮಗೆ ಕೈ ಬರುತ್ತದೆಯೇ ಎಂದು ಸಮಾಧಾನ ಹೇಳಿದಳು. ಅದಕ್ಕಲ್ಲ, ಅದಕ್ಕಲ್ಲ ಎಂದು ದಾನವ್ವ ಎರಡು ಸಲ ಅಂದಳು. ಕೊನೆಗೆ ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತಳು.

ಶಿವಗಂಗವ್ವ ಕಂಬಳಿಯ ಗಂಟನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಮಡಿಕೆ ಬಿಚ್ಚಿದಳು. ಕಡೆಯ ಮಡಿಕೆ ಬಿಚ್ಚಿ ಮಣೆಯ ಮೇಲೆ ಕೈ ಇಟ್ಟವಳು ಕೈ ತೆಗೆಯಲಿಲ್ಲ. ನನ್ನನ್ನು ನೋಡಿದಳು. ನಾನೂ ಬಗ್ಗಿ ಮುಟ್ಟಿದೆ. ಹೊರಗೆ ಬಿದ್ದ ಕಟ್ಟಿಗೆ ಹೇಗಿರುತ್ತದೋ ಹಾಗಿತ್ತು. ನಾನು ಅಲ್ಲೇ ನೆಲಕ್ಕೆ ಕೂತೆ. ಇಷ್ಟು ದೂರ ಬಂದದ್ದು, ಇಂಥದನ್ನು ಬೇಡಲು ನಿಂತದ್ದು, ಅವಳು ಕೊಟ್ಟದ್ದು, ಎಲ್ಲ ಸೇರಿ ಒಂದು ಚಳಿಯ ಮರದ ತುಂಡು.

"ಹೋದ್ರು" ಎಂದಳು ಶಿವಗಂಗವ್ವ. ದನಿ ಬಹಳ ಸಣ್ಣದಾಗಿತ್ತು. "ಮುಂಜಾನೆ ಮುಟ್ಟಿದಾಗ ಇನ್ನೂ ಸಣ್ಣಗ ಬೆಚ್ಚಗಿತ್ತು. ನಾ ಕೊಡ್ತೀನಿ ಅಂದ ಗಳಿಗ್ಯಾಗ ಹೋಗಿ ಬಿಟ್ರು. ಬ್ಯಾಸರ ಆತೇನೋ."

ಆಗ ದಾನವ್ವ ಗೋಡೆ ಬಿಟ್ಟು ಬಂದು ಅವಳ ಮುಂದೆ ನೆಲದ ಮೇಲೆ ಕೂತಳು. "ಅಣ್ಣ ಈಗ ಹೋಗಿಲ್ಲ ವೈನಿ. ಅವಾಗಽ ಹೋಗ್ಯಾನ. ಇಪ್ಪತ್ತು ದಿನಕ್ಕಽ ಆರಿತ್ತು ಇದು. ಮುಂದಿಂದೆಲ್ಲಾ ನಾ ಕುಂತದ್ದು."

ನಮಗೆ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ದಿನಾ ಮಧ್ಯಾಹ್ನ ವೈನಿ ಹೊರಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಕಂಬಳಿ ಬಿಚ್ಚಿ, ಅಣ್ಣನ ಮಣೆಯ ಮೇಲೆ ಕೂತು ಜಪ ಮಾಡುವಳು. ವೈನಿ ಬರುವ ಸಪ್ಪಳ ಕೇಳಿದರೆ ಎದ್ದು ಸುತ್ತಿಡುವಳು. ಒಂದು ದಿನವೂ ತಪ್ಪಿಸಿರಲಿಲ್ಲ, ಈ ಮೂರು ದಿನ ಬಿಟ್ಟು. ಈ ಮೂರು ದಿನ ವೈನಿ ಮನೆ ಬಿಟ್ಟು ಕದಲಲೇ ಇಲ್ಲ.

ಶಿವಗಂಗವ್ವ ಕೇಳಿದಳು, "ಯಾಕ ದಾನವ್ವ?"

"ನೀನಽ ಅಂದಿದ್ದಿ. ಇದು ಆರಿದ ದಿನ ನಾನೂ ಆರಿ ಹೋಗ್ತೀನಿ ಅಂತ ಅತ್ತಿದ್ದಿ. ನೀ ಹೋದ್ರ ನನಗ ಯಾರದಾರ?"

"ಅಂದಿದ್ನೇನು?"

"ಅಂದಿದ್ದಿ."

ಶಿವಗಂಗವ್ವ ಬಹಳ ಹೊತ್ತು ಮಣೆಯನ್ನೇ ನೋಡಿದಳು. ಸಿಟ್ಟು ಬರುತ್ತದೆ ಎಂದು ನಾನು ಕಾದೆ. ಐದಾರು ವರ್ಷ ಒಗ್ಗರಣೆಯಿಲ್ಲದ ಸಾರು, ಹಾಡಿಲ್ಲದ ಸೋಮವಾರ, ಊರವರಿಗೆ ತೋರಿಸಿದ ಕಂಬಳಿಯ ತುದಿ. ಅವಳ ಭುಜ ಅಲುಗಿತು. ಅಳುತ್ತಾಳೆ ಎಂದು ನಾನು ಹತ್ತಿರ ಸರಿದೆ. ಅವಳು ನಗುತ್ತಿದ್ದಳು. ನಗುತ್ತಲೇ ಕಣ್ಣೀರು ಇಳಿಯಿತು.

"ಏ ಹುಚ್ಚಿ" ಅಂದಳು. "ನಾ ದಿನಾ ಮುಂಜಾನೆ ಎದ್ದು ಕೈ ಹಾಕಿ ನೋಡೂವಾಗ ಏನ್ ಬೇಡ್ತಿದ್ದೆ ಗೊತ್ತೇನು? ಇವತ್ತರ ಆರಿರ್ಲಿ ಶಿವನೇ ಅಂತ. ಬೆಚ್ಚಗ ಇರ್ತಿತ್ತು. ಅಂಥಾ ಗಂಡಗ ಇಂಥಾ ಹೆಂಡ್ತಿ, ಆರ್ಲಿ ಅಂತ ಬೇಡ್ತಾಳಲ್ಲ ಅಂತ ನನಗಽ ನಾ ಕಪಾಳಕ್ಕ ಹೊಡ್ಕೋತಿದ್ದೆ. ಮತ್ತ ಮರುದಿನ ಅದನ್ನಽ ಬೇಡ್ತಿದ್ದೆ."

ಅವರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಬೇರೆ ದಿನವಾಗಿದ್ದರೆ ನಾನೂ ಅವರ ಜೊತೆ ಅತ್ತು ನಕ್ಕು ಬರುತ್ತಿದ್ದೆ. ನನಗೆ ಓಣಿಯ ಆ ಕಡೆಯ ಕೋಣೆಯ ಹೊರತು ಏನೂ ಕಾಣುತ್ತಿರಲಿಲ್ಲ. ಎದ್ದು ಹೊರಟವಳು ಹೊಸ್ತಿಲಲ್ಲಿ ನಿಂತೆ. ತಲೆಯಲ್ಲಿ ಏನೋ ಹೊಳೆದಂತಾಯಿತು. ತಿರುಗಿ ದಾನವ್ವನನ್ನು ನೋಡಿದೆ. ಅಷ್ಟು ವರ್ಷ ಊರೆಲ್ಲ ಕೈಮುಗಿದ ಬಿಸಿ ಕಲ್ಲಿನಾಥಪ್ಪನದಲ್ಲ. ಅದರ ಒಡತಿ ಇಲ್ಲೇ ನೆಲದ ಮೇಲೆ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಾಳೆ.

ನಾನು ಬಾಯಿ ತೆರೆಯುವ ಮೊದಲೇ ಶಿವಗಂಗವ್ವ ಮಣೆಯನ್ನು ಕಂಕುಳಲ್ಲಿ ಅವುಚಿಕೊಂಡು, ನಾದಿನಿಯ ರಟ್ಟೆ ಹಿಡಿದು ಎಬ್ಬಿಸಿದ್ದಳು. "ಏಳು, ಕೂಸಿನ ಮನಿಗೆ ಹೋಗೂಣು. ಕುಂಡ್ರೂ ಕೆಲಸ ಐತಿ ನಿನಗ."

ಸುದ್ದಿ ನಮಗಿಂತ ಮುಂಚೆ ಓಣಿ ದಾಟಿತ್ತು. ಬಾಣಂತಿ ಕೋಣೆಯ ಬಾಗಿಲಿನಲ್ಲಿ ಜನ ಕಿಕ್ಕಿರಿದರು. ದಾನವ್ವನನ್ನು ತೊಟ್ಟಿಲ ಪಕ್ಕದಲ್ಲಿ ಮಣೆ ಹಾಕಿ ಕೂಡಿಸಿದೆವು. ಜನ್ಮವೆಲ್ಲ ಯಾರೂ ತಿರುಗಿ ನೋಡದವಳ ಮೇಲೆ ಒಂದೇ ಸಲ ಅಷ್ಟು ಕಣ್ಣು ಬಿದ್ದವು. ಅವಳು ಜಪಮಣಿ ತೆಗೆದಳು, ಮಣಿ ಕೈಜಾರಿತು. ಕೂಸನ್ನು ನೋಡಿದಳು, ನರ್ಸಮ್ಮನನ್ನು ನೋಡಿದಳು, ಎದ್ದು ಕೈಯಿಂದ ಮಣೆ ಮುಟ್ಟಿ ಮತ್ತೆ ಕೂತಳು. ಬಿಸಿ ಇರಲಿಲ್ಲ. "ಬರವಲ್ದು ವೈನಿ" ಅಂದಳು. ಎರಡನೆಯ ಸಲ ಎದ್ದು ನೋಡಿದಳು. ಇರಲಿಲ್ಲ. ಅಡಿವೆಪ್ಪನ ಗತಿಯೇ ಇವಳಿಗೂ ಬಂತು. ನರ್ಸಮ್ಮ ಕೂಸನ್ನು ತನ್ನ ಶಾಲಿನೊಳಗೆ ಸುತ್ತಿಕೊಂಡು ಕಿಟಕಿಯ ಬೆಳಕನ್ನೇ ನೋಡುತ್ತಿದ್ದಳು. ಬೆಳಕು ಇಳಿಯುತ್ತಿತ್ತು.

ಶಿವಗಂಗವ್ವ ಬಾಗಿಲಿನಲ್ಲಿದ್ದವರನ್ನೆಲ್ಲ ಅಂಗಳಕ್ಕೆ ಅಟ್ಟಿ, ಕದ ಮುಂದೆ ಮಾಡಿ ಬಂದಳು. ನಾದಿನಿಯ ಎದುರಿಗೆ ಬರೀ ನೆಲದ ಮೇಲೆ ಕಾಲು ಮಡಚಿ ಕೂತಳು. ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ನಾನು ಆ ಕೆಮ್ಮು ಕೇಳಿ ಎಷ್ಟೋ ವರ್ಷವಾಗಿತ್ತು.

ನಮ್ಮ ಭಜನೆಯಲ್ಲಿ ದೇವರನ್ನು ಊಟಕ್ಕೆ ಕರೆಯುವ ಒಂದು ಉದ್ದನೆಯ ಹಾಡಿದೆ. ಕಾಲು ತೊಳೆಯಲು ನೀರು ಕೊಟ್ಟು, ಎಲೆ ಹಾಕಿ, ಉಪ್ಪಿನಿಂದ ಹಿಡಿದು ಎಲೆಯಡಿಕೆಯವರೆಗೆ ಒಂದೊಂದನ್ನೇ ಬಡಿಸುತ್ತ ಹೋಗುವ ಹಾಡು. ಅದನ್ನು ಎತ್ತಿಕೊಂಡಳು. ದನಿ ತುಕ್ಕು ಹಿಡಿದ ಗಾಲಿಯ ಹಾಗೆ ಕಿರುಗುಟ್ಟಿತು, ಎರಡು ಸಲ ಒಡೆಯಿತು. ಅವಳು ನಿಲ್ಲಿಸಲಿಲ್ಲ. ಕಣ್ಣುಮುಚ್ಚಿ ರೊಟ್ಟಿ ಬಡಿಸಿದಳು, ಪಲ್ಯ ಬಡಿಸಿದಳು, ಅನ್ನ ಸಾರು ಬಡಿಸಿದಳು. ನಿಧಾನಕ್ಕೆ ದನಿಗೆ ಎಣ್ಣೆ ಬಿದ್ದಂತಾಯಿತು. ಮಜ್ಜಿಗೆಯ ನುಡಿ ಶುರುಮಾಡಿದಾಗ ದಾನವ್ವ ತಟ್ಟನೆ ತಲೆಯೆತ್ತಿದಳು.

"ವೈನಿ, ಹೋಳಿಗಿ ಎಲ್ಲಿ ಹೋತು?"

ಹಾಡು ನಿಂತಿತು.

"ಹೋಳಿಗಿ ಬಡಿಸಲಾರದ ಮಜ್ಜಿಗಿಗೆ ಹೋಗಿ ಬಿಟ್ಟಿಯಲ್ಲ. ದೇವರು ಅರ್ಧ ಊಟಕ್ಕ ಎದ್ದು ಹೋಗ್ಬೇಕೇನು?"

"ಮರೆತಿದ್ದೆನವ್ವ" ಎಂದಳು ಶಿವಗಂಗವ್ವ. "ಅನ್ನದ ಮ್ಯಾಲೋ, ಅನ್ನಕ್ಕ ಮೊದಲೋ?"

"ರೊಟ್ಟಿ ಆದ ಮ್ಯಾಲೆ, ಅನ್ನಕ್ಕ ಮೊದಲು. ತುಪ್ಪ ಹಾಕೂದು ಬ್ಯಾರೆ ನುಡಿ. ಮೊದಲಿಂದ ಹಚ್ಚು, ನಾ ಹೇಳ್ಕೊಡ್ತೀನಿ." ದಾನವ್ವ ಭಜನೆಗೆ ಬಂದು ಕೂತವಳಲ್ಲ. ಭಜನೆ ಅವರ ಮನೆಯಲ್ಲೇ ನಡೆಯುತ್ತಿದ್ದ ಕಾಲದಲ್ಲಿ ಅಡುಗೆ ಮನೆಯಿಂದಲೇ ಎಲ್ಲ ಸೋಮವಾರಗಳನ್ನು ಕೇಳಿ ಇಟ್ಟುಕೊಂಡಿದ್ದಳು. ಈಗ ವೈನಿ ಒಂದೊಂದು ನುಡಿ ಮುಗಿಸುವಾಗ ಮುಂದಿನದರ ಮೊದಲ ಮಾತನ್ನು ಎತ್ತಿಕೊಡುತ್ತ ಹೋದಳು. ಜಪಮಣಿ ತೊಡೆಯ ಮೇಲೆ ಬಿದ್ದಿತ್ತು, ಅದರ ನೆನಪು ಅವಳಿಗಿರಲಿಲ್ಲ. ಕೂಸಿನ ನೆನಪೂ ಇರಲಿಲ್ಲ, ದೇವರು ನನ್ನನ್ನು ಕ್ಷಮಿಸಲಿ, ಅದು ಇರಲಿಲ್ಲವೆಂಬುದೇ ನಮ್ಮ ಪುಣ್ಯ. ದೇವರಿಗೆ ಹೋಳಿಗೆ ಬಂತು, ತುಪ್ಪ ಬಂತು. ಯಾವ ಅವಸರವೂ ಇಲ್ಲದೆ ಅವನು ಉಂಡ.

ಮಜ್ಜಿಗೆಯ ಹೊತ್ತಿಗೆ ನಾನು ಮೆಲ್ಲಗೆ ಕೈ ಚಾಚಿ ಮಣೆಯ ಅಂಚು ಮುಟ್ಟಿದೆ. ಮುಟ್ಟಿದ ಕೈಯನ್ನು ಹಾಗೇ ನರ್ಸಮ್ಮನಿಗೆ ತೋರಿಸಿದೆ. ಮಾತಾಡಲಿಲ್ಲ, ಮಾತಾಡಿದರೆ ಎಲ್ಲಿ ಹೋಗಿಬಿಡುತ್ತದೋ ಎಂದು ಭಯ. ಎಲೆಯಡಿಕೆಯ ನುಡಿ ಮುಗಿದ ಮೇಲೆ ದಾನವ್ವನ ಕೆಳಗಿನಿಂದ ಆ ಮಣೆ ತೆಗೆದು ಇನ್ನೊಂದು ಜಾರಿಸಿದೆವು. ತೆಗೆದದ್ದರ ಮೇಲೆ ಹತ್ತಿಯ ಬಟ್ಟೆ ಹಾಸಿ ಕೂಸನ್ನು ಮಲಗಿಸಿದೆವು. ಶಿವಗಂಗವ್ವ ಇನ್ನೊಂದು ಹಾಡು ಹಿಡಿದಳು. ಅಂಗಳದಲ್ಲಿದ್ದವರು ಕೇಳಿಸಿಕೊಂಡು ಅಲ್ಲಿಂದಲೇ ಹಿಂದಿನ ದನಿ ಕೂಡಿಸಿದರು. ಆ ದಿನ ಸೋಮವಾರವಾಗಿರಲಿಲ್ಲ, ಯಾರೂ ಅದನ್ನು ನೋಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೂಸಿನ ತುಟಿಗೆ ಬಣ್ಣ ಬಂತು. ಆಮೇಲೆ ಕಾಲು ಝಾಡಿಸಿತು. ಆಮೇಲೆ ಬಾಯಿ ತೆರೆದು ಅತ್ತಿತು ನೋಡಿ, ಹುಟ್ಟಿದಾಗಲೂ ಅಷ್ಟು ಜೋರಾಗಿ ಅತ್ತಿರಲಿಲ್ಲ. ಸುವರ್ಣಾ ಜ್ವರದಲ್ಲೇ ಎದ್ದು ಕೂತಳು. ನರ್ಸಮ್ಮ ಕೂಸಿನ ಹೊಟ್ಟೆ ಮುಟ್ಟಿ, "ಹಾಲು ಕೊಡಿ ಇದಕ್ಕೆ, ಬೈತಾ ಇದೆ ನಮ್ಮನ್ನ" ಎಂದು ಹೇಳಿ ಕಿಟಕಿಯ ಕಡೆ ತಿರುಗಿ ಮುಖ ಒರೆಸಿಕೊಂಡಳು. ಅಂಗಳದಲ್ಲಿ ಅಳಿಯ ಗಂಡಸರ ನಡುವೆ ನಿಂತು ನಾಚಿಕೆಯಿಲ್ಲದೆ ಬಿಕ್ಕುತ್ತಿದ್ದ. ನಾನು ಗೋಡೆಗೆ ಒರಗಿ ಕೂತೆ. ಮೂರು ದಿನದ ಮೇಲೆ ನನ್ನ ಉಸಿರು ಪೂರ್ತಿ ಒಳಗೆ ಹೋಗಿ ಪೂರ್ತಿ ಹೊರಗೆ ಬಂತು. ಎದ್ದಾಗ ನಾನು ಕೂತಿದ್ದ ನೆಲ ಬೆಚ್ಚಗಿತ್ತು.

ಕರೆಂಟು ಬರುವವರೆಗೆ ದಾನವ್ವ ನಮ್ಮ ಮನೆಯಲ್ಲೇ ಉಂಡಳು, ನಮ್ಮ ಮನೆಯಲ್ಲೇ ಕೂತಳು. ಬಲ್ಬು ಹತ್ತಿದ ದಿನ ಮುಂಜಾನೆ ಕಲ್ಲಿನಾಥಪ್ಪನ ಮಣೆಯನ್ನು ಅವರಿಬ್ಬರೂ ಹೊಳೆಗೆ ಒಯ್ದು ತೊಳೆದು ತಂದರು. ಊರಿನ ಹಿರಿಯರು ಇಷ್ಟು ವರ್ಷ ನಾವು ಕೈಮುಗಿದದ್ದು ಯಾರಿಗೆ ಎಂದು ಸ್ವಲ್ಪ ಗೊಣಗಿದರು. ಶಿವಗಂಗವ್ವ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಬಾಯಿ ಮುಚ್ಚಿಸಿದಳು. ಸಾಸಿವೆ ಸಿಡಿದ ಸಪ್ಪಳ ನಮ್ಮ ಮನೆಯವರೆಗೂ ಕೇಳಿಸಿತು.

ಚಳಿ ಇಳಿದ ಮೇಲೆ ಒಂದು ಮಧ್ಯಾಹ್ನ ನಾನು ಕೂಸಿಗೆ ಎಣ್ಣೆ ಹಚ್ಚಿ ಕಟ್ಟೆಯ ಬಿಸಿಲಿಗೆ ಹಾಕಿಕೊಂಡಿದ್ದೆ. ದಾನವ್ವ ವೈನಿಯ ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿದಳು. ಎಲ್ಲಿಗೆ ಎಂದು ಕೇಳಿದೆ.

"ಎಲ್ಲಿಗೂ ಇಲ್ಲವ್ವಾ. ಸುಮ್ನ. ಮಧ್ಯಾಹ್ನದಾಗ ಊರು ಹೆಂಗಿರ್ತೈತಿ ಅನ್ನೂದಽ ಮರ್ತು ಹೋಗೇತಿ."

ಒಂದು ಗಳಿಗೆ ಕೂತು ಹೋಗು ಎಂದೆ.

"ಕುಂತು ಕುಂತು ಸಾಕಾಗೇತಿ" ಅಂದಳು. ನಿಂತಲ್ಲೇ ಬಗ್ಗಿ ಕೂಸಿನ ಹಿಮ್ಮಡಿ ಮುಟ್ಟಿದಳು, ತೃಪ್ತಿಯಾದವಳಂತೆ ತಲೆಯಾಡಿಸಿ ಹೊರಟಳು. ಓಣಿಯ ತಿರುವಿನಲ್ಲಿ ಬಳೆಗಾರ ಗಾಡಿಯ ನೆರಳಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಅವನನ್ನೂ, ಅವನ ಕಾಲ ಬಳಿ ಮಲಗಿದ್ದ ನಾಯಿಯನ್ನೂ, ಖಾಲಿ ಬೀದಿಯನ್ನೂ ಅವಳು ನಿಂತು ನಿಂತು ನೋಡಿದಳು. ಆಮೇಲೆ ಎಡಕ್ಕೂ ಬಲಕ್ಕೂ ಒಮ್ಮೆ ಕಣ್ಣಾಡಿಸಿ, ಯಾವ ಕಡೆ ಹೋದರೂ ನಡೆಯುತ್ತದೆ ಎನ್ನುವವಳ ಹಾಗೆ, ಬಲಕ್ಕೆ ತಿರುಗಿದಳು.